ಬಿಲ್ಲೇರದೆ ನುಡಿದ ಕಾರ್ಣಿಕ: ಏಳು ಸಾಲು, ಅವುಗಳ ವ್ಯಾಖ್ಯಾನ

ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪುರುಷರ ಫುಟ್‌ಬಾಲ್ ಪಂದ್ಯಾವಳಿ ಶುರುವಾಗುವುದಕ್ಕೆ ಮುಂಚೆಯೇ ಬರೆದಿಟ್ಟ ಏಳು ಸಾಲು ಇಲ್ಲಿವೆ. ಬರೆದವನೂ ನಾನೇ, ವ್ಯಾಖ್ಯಾನ ಮಾಡುತ್ತಿರುವವನೂ ನಾನೇ. ಮೂಲಕಾರನೇ ಟೀಕಾಕಾರನಾಗುವುದು ಒಳ್ಳೆಯ ಸಂಪ್ರದಾಯವಲ್ಲ. ಆದರೂ ಹಾಗೆ ಮಾಡಲು ಒಂದು ಕಾರಣವಿದೆ. ಆ ಕಾರಣ ಸಿಗುವುದು ಮೈಲಾರದಲ್ಲಿ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಗಡಿಯಾಚೆ ಆಂಧ್ರದ ಅನಂತಪುರ ಜಿಲ್ಲೆಯ ನಮ್ಮ ರಾಯದುರ್ಗ, ಗುಮ್ಮಘಟ್ಟದ ಕಡೆಯಿಂದಲೂ ಜನ ಹೋಗುತ್ತಾರೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ, ‘ಸದ್ದಲೇ’ ಎಂದು ಕೂಗಿ, ನೆರೆದ ಜನವೆಲ್ಲ ಉಸಿರು ಬಿಗಿಹಿಡಿದಾಗ ಕಾರ್ಣಿಕದ ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾನೆ. ಮಾತು ಚಿಕ್ಕದು. ಅದರ ವ್ಯಾಖ್ಯಾನ ಮಾತ್ರ ಮರುದಿನದ ಪತ್ರಿಕೆಗಳಿಂದ ಹಿಡಿದು ಮುಂದಿನ ಮಳೆಗಾಲದವರೆಗೂ ಬೆಳೆಯುತ್ತದೆ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ವ್ಯಾಪಾರಿ ಧಾರಣೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ವರ್ಷ ಕಳೆದ ಮೇಲೆ ಏನೇ ಆಗಿರಲಿ, ನುಡಿ ನಿಜವಾಗಿರುತ್ತದೆ. ತಪ್ಪಿದ್ದರೆ ಅರ್ಥ ಹೇಳಿದವನು ತಪ್ಪಿರುತ್ತಾನೆ. ಅದು ದೇವರ ಮಾತು, ಭಕ್ತಿಯ ವಿಷಯ. ಅದಕ್ಕೆ ಅಂಕ ಹಾಕುವ ಕೆಲಸ ನನ್ನದಲ್ಲ. ಆದರೆ ಚೆಂಡಾಟದ ಭವಿಷ್ಯ ಹೇಳುವವನಿಗೂ ಅದೇ ಸವಲತ್ತು ಕೊಟ್ಟರೆ ಅವನು ಯಾವತ್ತೂ ಸೋಲುವುದಿಲ್ಲ. ಅದಕ್ಕೇ ಮೂಲದ ಜೊತೆಗೇ ವ್ಯಾಖ್ಯಾನವನ್ನೂ ಆಟಕ್ಕೆ ಮುಂಚೆ ಬರೆದು ಬೇಲಿ ಹಾಕುತ್ತಿದ್ದೇನೆ. ಪ್ರತಿ ಸಾಲಿಗೂ ನೂರಕ್ಕೆ ಎಷ್ಟು ಭರವಸೆ ಎಂಬ ಅಂಕಿಯನ್ನೂ ಕೊಟ್ಟಿದ್ದೇನೆ.

ಓದುವವರಿಗೆ ಎರಡು ಮಾತಿನ ಪೀಠಿಕೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ದೇಶವನ್ನು ವಲಯಗಳಾಗಿ ಹಂಚಿ ಪಂದ್ಯಾವಳಿ ನಡೆಸುತ್ತದೆ. ದಕ್ಷಿಣ ವಲಯದಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳ, ಪುದುಚೇರಿ. ಸಾಮಾನ್ಯವಾಗಿ ಮೊದಲ ಸುತ್ತುಗಳು ನಾಕೌಟ್. ಉಳಿದ ನಾಲ್ಕು ತಂಡ ತಮ್ಮತಮ್ಮಲ್ಲಿ ಲೀಗ್ ಆಡಿ ಒಂದು, ಎರಡು, ಮೂರು, ನಾಲ್ಕು ಎಂದು ತೀರ್ಮಾನವಾಗಿ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತವೆ. ಅಲ್ಲಿರುವುದು ಸರ್ ಅಶುತೋಷ್ ಮುಖರ್ಜಿ ಅವರ ಹೆಸರಿನ ಟ್ರೋಫಿ. ಅಮೆರಿಕದವರು ‘ಕಾನ್ಫರೆನ್ಸ್’ ಅನ್ನುವುದಕ್ಕೆ ನಮ್ಮಲ್ಲಿ ತೀರ ಹತ್ತಿರದ್ದು ಈ ವಲಯ. ಅವರು ಫುಟ್‌ಬಾಲ್ ಅನ್ನುವುದು ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಬೇರೆಯೇ ಆಟ, ಅದಿರಲಿ. ಆಟ ಶುರುವಾಗುವ ಮೊದಲೇ ಯಾರು ಗೆಲ್ಲುತ್ತಾರೆಂದು ಪಟ್ಟಿ ಮಾಡುವ ಚಟದಲ್ಲಿ ಮಾತ್ರ ಅವರು ನಮಗೆ ಗುರುಗಳು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1936ರಿಂದ ಕಾಲೇಜು ತಂಡಗಳ ಸ್ಥಾನಪಟ್ಟಿ ಹಾಕುತ್ತಿದೆ. 1950ರಿಂದ ಒಂದೂ ಪಂದ್ಯ ನಡೆಯುವ ಮೊದಲೇ ಹಾಕುತ್ತಿದೆ.

ಸಾಲು 1: ಕೊನೆಯ ನಾಲ್ಕರಲ್ಲಿ ಎರಡಾದರೂ ಕೇರಳದ ತಂಡ.

‘ಎರಡಾದರೂ’ ಎಂದರೆ ಎರಡು, ಮೂರು ಅಥವಾ ನಾಲ್ಕು. ಒಂದೇ ಬಂದರೆ ಸಾಲು ಸುಳ್ಳು.

ಕಲ್ಲಿಕೋಟೆ ವಿಶ್ವವಿದ್ಯಾಲಯ ಹುಟ್ಟಿದ್ದು 1968ರಲ್ಲಿ, ಅದರ ಕಚೇರಿ ಇರುವುದು ಮಲಪ್ಪುರಂ ಜಿಲ್ಲೆಯ ತೇಞಿಪ್ಪಾಲಂನಲ್ಲಿ. ಮಲಪ್ಪುರಂ ಅಂದರೆ ಸೆವೆನ್ಸ್ ಆಟದ ಸೀಮೆ. ಏಳೇಳು ಜನರ ತಂಡ, ಗದ್ದೆಯ ಪಕ್ಕದ ಸಣ್ಣ ಮೈದಾನ, ತಾತ್ಕಾಲಿಕ ಗ್ಯಾಲರಿ, ಟಿಕೆಟ್ ಕೊಂಡು ಬಂದ ಜನ. ಹತ್ತನೇ ತರಗತಿಯ ಹುಡುಗ ಅಲ್ಲಿ ದೊಡ್ಡವರ ಮೊಣಕೈ ತಿಂದು ಬೆಳೆಯುತ್ತಾನೆ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಕೇರಳ ಏಳು ಸಲ ಗೆದ್ದಿದೆ. 2022ರಲ್ಲಿ ಏಳನೆಯದನ್ನು ಗೆದ್ದದ್ದು ಅದೇ ಮಲಪ್ಪುರಂನ ಮಂಜೇರಿಯಲ್ಲಿ. ಅಂಥ ನೆಲದಿಂದ ಕಲ್ಲಿಕೋಟೆ, ಕೇರಳ, ಮಹಾತ್ಮ ಗಾಂಧಿ, ಕಣ್ಣೂರು ಎಂದು ನಾಲ್ಕು ವಿಶ್ವವಿದ್ಯಾಲಯ ಬಂದರೆ ಎರಡಾದರೂ ದಡ ಸೇರುತ್ತವೆ.

ತಂಡದ ಹೆಸರು ಹೇಳದೆ ರಾಜ್ಯದ ಹೆಸರು ಹೇಳಿದ್ದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಎರಡನೆಯ ಸಾಲಿನಲ್ಲಿದೆ. ಭರವಸೆ: 80.

ಸಾಲು 2: ಕಳೆದ ಸಲದ ನಾಲ್ವರೂ ಈ ಸಲ ಮತ್ತೆ ನಾಲ್ವರಾಗುವುದಿಲ್ಲ.

ಕಳೆದ ವರ್ಷ ಲೀಗ್ ಹಂತಕ್ಕೆ ಬಂದ ನಾಲ್ಕು ತಂಡಗಳಿಗೆ ಈ ವರ್ಷ ಶ್ರೇಯಾಂಕ ಕೊಟ್ಟು, ಡ್ರಾನಲ್ಲಿ ನಾಲ್ಕು ಮೂಲೆಗೆ ಕೂರಿಸುತ್ತಾರೆ. ಒಬ್ಬರ ದಾರಿಯಲ್ಲಿ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಇಷ್ಟು ಅನುಕೂಲ ಮಾಡಿಕೊಟ್ಟ ಮೇಲೂ ನಾಲ್ವರೂ ಮರಳಿ ಬರುವುದು ಕಷ್ಟ ಅನ್ನುವುದು ಸಾಲಿನ ಅರ್ಥ.

ಲೆಕ್ಕ ಮಾಡಿ ನೋಡೋಣ. ಬಲವಾದ ತಂಡ ಯಾವುದೇ ಒಂದು ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ 80 ಎಂದಿಟ್ಟುಕೊಳ್ಳಿ. ಇದು ಧಾರಾಳದ ಲೆಕ್ಕವೇ. ನಾಕೌಟ್‌ನಲ್ಲಿ ಸಾಲಾಗಿ ನಾಲ್ಕು ಪಂದ್ಯ ಗೆಲ್ಲಬೇಕಾದರೆ ಅದು ನೂರಕ್ಕೆ 41ಕ್ಕೆ ಇಳಿಯುತ್ತದೆ. ಅಂಥ ನಾಲ್ಕು ತಂಡಗಳೂ ಒಟ್ಟಿಗೇ ಪಾರಾಗುವ ಸಾಧ್ಯತೆ ನೂರಕ್ಕೆ 3ನ್ನೂ ಮುಟ್ಟುವುದಿಲ್ಲ. ಬೈ ಸಿಕ್ಕಿ ಮೂರೇ ಪಂದ್ಯ ಆಡಿದರೆ ಸಾಕು ಎಂದುಕೊಂಡರೂ 7ರ ಒಳಗೇ. ಜನ ಇದನ್ನು ನಂಬುವುದಿಲ್ಲ. ‘ಅವರು ದೊಡ್ಡ ಟೀಮು ಸಾರ್, ಬಂದೇ ಬರ್ತಾರೆ’ ಅನ್ನುತ್ತಾರೆ. ಒಬ್ಬೊಬ್ಬರನ್ನೇ ಕೇಳಿದರೆ ಅದು ಅರ್ಧಮರ್ಧ ನಿಜ; ನಾಲ್ವರನ್ನೂ ಸೇರಿಸಿದರೆ ಅಲ್ಲ.

ಇದಕ್ಕೆ ಅಮೆರಿಕದ ಒಂದು ಪಾಠವಿದೆ. ಅಲ್ಲಿ ‘ಬಿಗ್ ಟ್ವೆಲ್ವ್’ ಎಂಬ ಒಕ್ಕೂಟ. ಹೆಸರಿನಲ್ಲಿ ಹನ್ನೆರಡು, 2024ರಲ್ಲಿ ಆಡಿದ ತಂಡ ಹದಿನಾರು. ಈ ಲೆಕ್ಕ ಅವರಿಗೇ ಗೊತ್ತು. ಆ ವರ್ಷ ಆಟ ಶುರುವಾಗುವ ಮೊದಲು ಪತ್ರಕರ್ತರು ಮತ ಹಾಕಿ ಮಾಡಿದ ಪಟ್ಟಿಯಲ್ಲಿ ಯೂಟಾ ಮೊದಲನೆಯದು, ಅರಿಜೋನಾ ಸ್ಟೇಟ್ ಹದಿನಾರನೆಯದು, ಅಂದರೆ ಕಟ್ಟಕಡೆಯದು. ಆದದ್ದೇನು? ಯೂಟಾ ಒಕ್ಕೂಟದ ಒಂಬತ್ತು ಪಂದ್ಯಗಳಲ್ಲಿ ಏಳು ಸೋತಿತು. ಅರಿಜೋನಾ ಸ್ಟೇಟ್ ಡಿಸೆಂಬರ್‌ನ ಅಂತಿಮ ಪಂದ್ಯದಲ್ಲಿ ಅಯೊವಾ ಸ್ಟೇಟ್ ತಂಡವನ್ನು 45-19ರಿಂದ ಬಡಿದು ಪ್ರಶಸ್ತಿ ಎತ್ತಿತು. ಪಟ್ಟಿಯನ್ನು ತಲೆಕೆಳಗು ಹಿಡಿದು ಓದಿದ್ದರೆ ಸರಿಯಾಗುತ್ತಿತ್ತು. ಅದೇ ವರ್ಷ ಪಕ್ಕದ ಇನ್ನೊಂದು ಒಕ್ಕೂಟದಲ್ಲಿ ಫ್ಲೋರಿಡಾ ಸ್ಟೇಟ್ ಗೆಲ್ಲುತ್ತದೆಂದು ಬರೆದರು. ಅದು ಹನ್ನೆರಡರಲ್ಲಿ ಹತ್ತು ಸೋತಿತು. 2025ಕ್ಕೆ ಬಿಗ್ ಟ್ವೆಲ್ವ್ ಏನು ಮಾಡಿತು ಅಂದರೆ, ಮುಂಗಡ ಪಟ್ಟಿ ಹಾಕುವುದನ್ನೇ ನಿಲ್ಲಿಸಿತು. ನನಗೆ ಇದು ಹಿಡಿಸಲಿಲ್ಲ. ತಪ್ಪಿದ ಪಟ್ಟಿಯಿಂದ ಕಲಿಯುವಷ್ಟು, ಪಟ್ಟಿಯೇ ಇಲ್ಲದಿದ್ದರೆ ಕಲಿಯುವುದು ಹೇಗೆ?

ಪಟ್ಟಿ ಯಾಕೆ ತಪ್ಪುತ್ತದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಮುಂಗಡ ಭವಿಷ್ಯ ಅನ್ನುವುದು ಹೆಚ್ಚುಕಡಿಮೆ ಕಳೆದ ವರ್ಷದ ಫಲಿತಾಂಶದ ನಕಲು. ಕಳೆದ ವರ್ಷ ಗೆದ್ದವರು ಮೇಲೆ, ಸೋತವರು ಕೆಳಗೆ. ಆದರೆ ಕಾಲೇಜು ತಂಡ ಅನ್ನುವುದು ಪ್ರತಿ ವರ್ಷ ಕಾಲುಭಾಗವೋ ಮೂರನೇ ಒಂದು ಭಾಗವೋ ಡಿಗ್ರಿ ಮುಗಿಸಿಕೊಂಡು ಮನೆಗೆ ಹೋಗುವ ತಂಡ. ಅಮೆರಿಕದಲ್ಲಿ 2018ರಿಂದ ಆಟಗಾರರ ವರ್ಗಾವಣೆಗೆ ‘ಪೋರ್ಟಲ್’ ಬಂದ ಮೇಲೆ ಇದ್ದವರೂ ಬೇರೆ ಕಡೆ ಜಿಗಿಯತೊಡಗಿದರು. ನಮ್ಮಲ್ಲಿ ಪೋರ್ಟಲ್ ಇಲ್ಲ, ಟಿ.ಸಿ. ಇದೆ. ಕೆಲಸ ಅದೇ. ಭರವಸೆ: 95.

ಸಾಲು 3: ಎಂಟರ ಘಟ್ಟಕ್ಕೆ ಕರ್ನಾಟಕದ ಒಂದಾದರೂ ತಂಡ, ಬಂದದ್ದು ಬೆಂಗಳೂರಿನದು.

ಎರಡು ಬಂದರೆ? ಎರಡೂ ಬೆಂಗಳೂರಿನವಾದರೆ ಸಾಲು ನಿಜ, ಒಂದು ಮಂಗಳೂರಿನದೋ ಮೈಸೂರಿನದೋ ಆದರೆ ಸುಳ್ಳು. ಬೇಲಿ ಇಷ್ಟು ಬಿಗಿಯಾಗಿರಲಿ.

ಕರ್ನಾಟಕದ ಫುಟ್‌ಬಾಲ್ ಭೂಪಟ ಬಹಳ ಚಿಕ್ಕದು. ದಂಡು ಪ್ರದೇಶದ ಸುತ್ತಿನ ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಪಕ್ಕದ ಗೌತಮಪುರ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಬ್ರಿಟಿಷ್ ರೆಜಿಮೆಂಟುಗಳ ಜೊತೆ ಬಂದ ಆಟ ಆ ಗಲ್ಲಿಗಳಲ್ಲೇ ಉಳಿದು ಬೇರು ಬಿಟ್ಟಿತು. 1968-69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದಿತ್ತು. ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚ್‌ನಲ್ಲಿ, ಅದೂ ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಐವತ್ತನಾಲ್ಕು ವರ್ಷದ ಅಂತರ. ಆ ಸಲ ಕರ್ನಾಟಕ ಗೆಲ್ಲುತ್ತದೆ ಎಂದು ಮುಂಚೆಯೇ ಬರೆದಿಟ್ಟ ಪುಣ್ಯಾತ್ಮ ಯಾರಾದರೂ ಇದ್ದರೆ ಈ ಅಂಕಣ ಅವರಿಗೆ ಬಿಟ್ಟುಕೊಡಲು ಸಿದ್ಧ.

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆಯಿತು. ಮೊದಲು ಒಂದೇ ಅಂಗಿ ತೊಡುತ್ತಿದ್ದ ಹುಡುಗರು ಈಗ ಬೇರೆ ಬೇರೆ ಬಣ್ಣದಲ್ಲಿ ಬರುತ್ತಾರೆ. ಇನ್ನೊಂದು ಕಡೆ ಖಾಸಗಿ, ಡೀಮ್ಡ್ ವಿಶ್ವವಿದ್ಯಾಲಯಗಳು ಫೀಸು ಬಿಟ್ಟು ಆಟಗಾರರನ್ನು ಕರೆದುಕೊಳ್ಳುತ್ತಿವೆ. ಹಾಗಾಗಿ ಬೆಂಗಳೂರಿನಿಂದ ಬರುವ ತಂಡಗಳ ಸಂಖ್ಯೆ ಹೆಚ್ಚಾಗಿದೆ, ಒಂದೊಂದರ ಬಲ ಕಡಿಮೆಯಾಗಿದೆ. ಭರವಸೆ: 50. ನಾಣ್ಯ ಚಿಮ್ಮಿದರೂ ಇಷ್ಟೇ ಅನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ.

ಸಾಲು 4: ಇಬ್ಬರು ಕೃಷ್ಣದೇವರಾಯರು ಮೈದಾನದಲ್ಲಿ ಎದುರಾಗುವುದಿಲ್ಲ.

ಗಡಿಯ ಆಚೆ ಬಳ್ಳಾರಿಯಲ್ಲಿ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಈಚೆ ಅನಂತಪುರದಲ್ಲಿ 1981ರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಒಬ್ಬ ದೊರೆ, ಎರಡು ರಾಜ್ಯ, ಎರಡು ಫುಟ್‌ಬಾಲ್ ತಂಡ. 1953ರ ಅಕ್ಟೋಬರ್‌ವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ಈ ಕಡೆಗೆ, ಬಳ್ಳಾರಿ ಮೈಸೂರಿನ ಕಡೆಗೆ ಹೋದವು. ಇಬ್ಬರ ಪಂದ್ಯವೇನಾದರೂ ನಡೆದರೆ ರಾಯದುರ್ಗದವರು ಯಾವ ಕಡೆ ಕೂರಬೇಕು ಅನ್ನುವುದೇ ದೊಡ್ಡ ತಮಾಷೆ.

ಆದರೆ ನಡೆಯುವುದಿಲ್ಲ. ಹತ್ತಾರು ತಂಡಗಳ ನಾಕೌಟ್‌ನಲ್ಲಿ ಹೆಸರು ಹೇಳಿದ ಎರಡು ತಂಡ ಎದುರಾಗುವುದು ಅಪರೂಪ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ, ಈ ಸಾಲು ನಿಜವಾದರೂ ಅಂಕ ಕೊಡಬೇಡಿ. ಭವಿಷ್ಯ ಹೇಳುವವರು ಪಟ್ಟಿಯ ನಡುವೆ ಇಂಥ ಸುಲಭದ ಸಾಲು ಸೇರಿಸಿ ಸರಾಸರಿ ಏರಿಸಿಕೊಳ್ಳುತ್ತಾರೆ, ಅದನ್ನು ತೋರಿಸಲೆಂದೇ ಇಟ್ಟೆ. ಇಂಥ ಸುಲಭದ ಸಾಲಿಗೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಗುಮ್ಮಘಟ್ಟ ಮಂಡಲದ ಭೈರವಾನಿತಿಪ್ಪ ಜಲಾಶಯಕ್ಕೆ ನೀರು ಬರುವುದು ವೇದಾವತಿಯಿಂದ. ಅದೇ ಹೊಳೆಯ ಮೇಲುಗಡೆ ಹಿರಿಯೂರಿನ ವಾಣಿವಿಲಾಸ ಸಾಗರ, ಮಾರಿಕಣಿವೆ ಇದೆ. ಅದು 1933ರಲ್ಲಿ ಕೋಡಿ ಬಿದ್ದಿತ್ತು. ಅಲ್ಲಿಂದ ಪ್ರತಿ ವರ್ಷ ‘ಈ ಸಲವೂ ಕೋಡಿ ಬೀಳುವುದಿಲ್ಲ’ ಎಂದು ಯಾರಾದರೂ ಹೇಳುತ್ತಾ ಬಂದಿದ್ದರೆ 1934ರಿಂದ 2021ರವರೆಗೆ ಸಾಲಾಗಿ ಎಂಬತ್ತೆಂಟು ವರ್ಷ ಗೆದ್ದಿರುತ್ತಿದ್ದರು. 2022ರಲ್ಲಿ ಕೋಡಿ ಬಿತ್ತು. ‘ಇನ್ನು ನಮ್ಮ ಕಾಲಕ್ಕೆ ಸಾಕು’ ಅಂದವರಿದ್ದರು; 2025ರ ಜನವರಿಯಲ್ಲಿ ಮತ್ತೆ ಬಿತ್ತು. 2025ರವರೆಗೆ ತೊಂಬತ್ತು ಸರಿ, ಎರಡು ತಪ್ಪು. ರೈತನಿಗೆ ಬೇಕಾಗಿದ್ದು ಆ ಎರಡೇ ವರ್ಷದ ಸುದ್ದಿ. ಭರವಸೆ: 95.

ಸಾಲು 5: ಅನಂತಪುರ ಒಂದು ಪಂದ್ಯ ಗೆಲ್ಲುತ್ತದೆ, ಎರಡನೆಯದರಲ್ಲಿ ಸೋಲುತ್ತದೆ.

ಅನಂತಪುರ ಎಂದರೆ ಇಲ್ಲಿ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ತಂಡ; ಅದೇ ಊರಿನ ಜೆ.ಎನ್.ಟಿ.ಯು. ಬೇರೆ. ವಾಕ್ ಓವರ್ ಸಿಕ್ಕರೆ ಅದನ್ನು ಗೆಲುವು ಎಂದು ಎಣಿಸುವುದಿಲ್ಲ.

ಆಂಧ್ರದಲ್ಲಿ ಫುಟ್‌ಬಾಲ್ ಅಷ್ಟಕ್ಕಷ್ಟೇ. ಅನಂತಪುರ ಮಾತ್ರ ಬೇರೆ. 1969ರಲ್ಲಿ ಬಾರ್ಸಿಲೋನಾದ ವಿಸೆಂತೆ ಫೆರರ್ ಇಲ್ಲಿಗೆ ಬಂದು ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಕಟ್ಟಿದರು. 2009ರಲ್ಲಿ ಇಲ್ಲಿಯೇ ತೀರಿಕೊಂಡರು. ಆರ್.ಡಿ.ಟಿ. ಅಂದರೆ ನಮ್ಮ ಜಿಲ್ಲೆಯ ಮಗುವಿಗೂ ಗೊತ್ತು. ಬಾವಿ, ಮನೆ, ಶಾಲೆ, ಆಸ್ಪತ್ರೆಯ ಜೊತೆ ಸ್ಪೇನ್ ದೇಶದವರ ಚೆಂಡಿನ ಹುಚ್ಚೂ ಇಲ್ಲಿಗೆ ಬಂತು. 2010ರಲ್ಲಿ ರಫೇಲ್ ನಡಾಲ್ ಹೆಸರಿನ ಟೆನಿಸ್ ಶಾಲೆಯೂ ಶುರುವಾಯಿತು. ಮಳೆ ವರ್ಷಕ್ಕೆ ಐನೂರೈವತ್ತು ಮಿಲಿಮೀಟರ್ ಆಸುಪಾಸಿನ ಜಿಲ್ಲೆಯಲ್ಲಿ ಹಸಿರು ಹುಲ್ಲಿನ ಮೈದಾನ ನೋಡಬೇಕಾದರೆ ಆರ್.ಡಿ.ಟಿ.ಗೇ ಹೋಗಬೇಕು.

ಹಾಗಾದರೆ ಎರಡನೆಯ ಪಂದ್ಯದಲ್ಲಿ ಯಾಕೆ ಸೋಲಬೇಕು? ಆ ಒಂದು ಮೈದಾನ ಬಿಟ್ಟು ಉಳಿದ ಹುಡುಗರು ಆಡುವ ನೆಲ ನೋಡಿದವರಿಗೆ ಗೊತ್ತಾಗುತ್ತದೆ. ಕೆಂಪು ಗರಸು, ಬಿಸಿಲಿಗೆ ಕಲ್ಲಾದ ನೆಲ. ಚೆಂಡು ಬಿದ್ದರೆ ಸೊಂಟಕ್ಕೆ ಪುಟಿಯುತ್ತದೆ. ಅದನ್ನು ಪಾದದಲ್ಲಿ ಹಿಡಿಯಲು ಆಗುವುದಿಲ್ಲ, ಎದೆಯಿಂದಲೋ ತೊಡೆಯಿಂದಲೋ ಇಳಿಸಬೇಕು. ಪಾಸು ಕೊಡುವಾಗ ಮೆಲ್ಲಗೆ ತಳ್ಳಿದರೂ ಚೆಂಡು ಜಾರಿಕೊಂಡು ಗೆಳೆಯನನ್ನು ಮುಟ್ಟುತ್ತದೆ. ಕಾಲು ಅದೇ ಲೆಕ್ಕಕ್ಕೆ ಪಳಗಿರುತ್ತದೆ. ಅದೇ ಹುಡುಗ ಕೇರಳದ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬೆಳಗಿನ ಏಳೂವರೆಗೆ ಇಳಿದರೆ ಅವನು ತಳ್ಳಿದ ಪಾಸು ನಡುದಾರಿಯಲ್ಲೇ ನಿಲ್ಲುತ್ತದೆ. ನಿಂತ ಚೆಂಡಿನ ಮೇಲೆ ಎದುರಾಳಿ ಬಂದು ಬೀಳುತ್ತಾನೆ. ಮೊದಲರ್ಧ ಮುಗಿಯುವ ಹೊತ್ತಿಗೆ ಹುಡುಗ ಸರಿ ಮಾಡಿಕೊಳ್ಳುತ್ತಾನೆ, ಅಷ್ಟರಲ್ಲಿ ಎರಡು ಗೋಲು ಆಗಿರುತ್ತದೆ. ಮೊದಲ ಸುತ್ತಿನಲ್ಲಿ ಎದುರಾಳಿಯೂ ಇಂಥದೇ ನೆಲದಿಂದ ಬಂದಿದ್ದರೆ ಗೆಲುವು; ಎರಡನೆಯದರಲ್ಲಿ ಹುಲ್ಲಿನವರು ಸಿಗುತ್ತಾರೆ.

ಭರವಸೆ: 40. ಅರ್ಧಕ್ಕಿಂತ ಕಡಿಮೆ ಇದ್ದರೆ ಯಾಕೆ ಬರೆದೆ ಅಂದರೆ, ಮೊದಲ ಪಂದ್ಯದಲ್ಲೇ ಸೋಲುವುದು, ಎರಡು ಗೆಲ್ಲುವುದು, ಮೂರು ಗೆಲ್ಲುವುದು ಎಂದು ಉಳಿದ ದಾರಿಗಳನ್ನು ಒಂದೊಂದಾಗಿ ನೋಡಿದರೆ ಯಾವುದೂ ಇಷ್ಟು ದಪ್ಪವಾಗಿಲ್ಲ.

ಸಾಲು 6: ಅನಂತಪುರದ ಆ ತಂಡದಲ್ಲಿ ಗುಮ್ಮಘಟ್ಟ ಮಂಡಲದ ಹುಡುಗ ಇರುವುದಿಲ್ಲ.

ಹುಡುಗ ಎಂದರೆ ಮಂಡಲದ ಯಾವುದಾದರೂ ಹಳ್ಳಿಯಲ್ಲಿ ಶಾಲೆ ಓದಿದವನು. ಅನಂತಪುರದ ಹಾಸ್ಟೆಲಿನಲ್ಲಿದ್ದರೂ ಲೆಕ್ಕಕ್ಕೆ ಬರುತ್ತಾನೆ. ಬದಲಿ ಆಟಗಾರನಾಗಿ ಬೆಂಚಿನಲ್ಲಿ ಕೂತಿದ್ದರೂ ಸರಿ, ಸಾಲು ಸುಳ್ಳಾಯಿತೆಂದೇ ಎಣಿಸುತ್ತೇನೆ.

ಇಲ್ಲಿಯ ಊರಾಟ ಕಬಡ್ಡಿ, ವಾಲಿಬಾಲ್, ಕ್ರಿಕೆಟ್. ಚೆಂಡಿಗೆ ಕಾಲು ಹಚ್ಚುವವರು ಕಡಿಮೆ, ಇಲ್ಲವೆಂದಲ್ಲ. ಇರುವವರ ದಾರಿ ಹೀಗೆ. ಮೊದಲು ಕಾಲೇಜು ತಂಡ. ಆಮೇಲೆ ಅಂತರ ಕಾಲೇಜು ಪಂದ್ಯ. ಅಲ್ಲಿಂದ ವಿಶ್ವವಿದ್ಯಾಲಯದ ಸೆಲೆಕ್ಷನ್. ಅದು ಅನಂತಪುರದಲ್ಲಿ, ರಾಯದುರ್ಗದಿಂದ ನೂರರ ಹತ್ತಿರ ಕಿಲೋಮೀಟರ್. ಬೆಳಿಗ್ಗೆ ಎಂಟಕ್ಕೆ ಗ್ರೌಂಡಿನಲ್ಲಿರಬೇಕು ಅಂದರೆ ಹಿಂದಿನ ದಿನವೇ ಹೊರಡಬೇಕು. ಬೋನಫೈಡ್, ಹತ್ತನೇ ತರಗತಿ ಮತ್ತು ಇಂಟರ್ ಮಾರ್ಕ್ಸ್ ಕಾರ್ಡು, ಪ್ರಿನ್ಸಿಪಾಲರ ಸಹಿ ಬಿದ್ದ ಎಲಿಜಿಬಿಲಿಟಿ ಫಾರಂ. ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿದ ಹುಡುಗನ ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇರುತ್ತದೆ; ಇನಿಷಿಯಲ್ ಹಿಂದು ಮುಂದಾಗಿರುತ್ತದೆ. ಅದನ್ನು ಸರಿಮಾಡಿಸಲು ಒಂದು ವಾರ.

ಕಾಗದ ಸರಿಯಾದರೂ ಹೊಲ ಬಿಡುವುದಿಲ್ಲ. ಜೂನ್-ಜುಲೈನಲ್ಲಿ ಬಿತ್ತಿದ ಶೇಂಗಾ ಕೀಳಲು ಬರುವುದು ಅಕ್ಟೋಬರ್-ನವೆಂಬರ್‌ನಲ್ಲಿ. ಸೆಲೆಕ್ಷನ್ನೂ ಆ ಹೊತ್ತಿಗೇ ಬಂದರೆ ಕಥೆ ಮುಗಿಯಿತು. ಎಡಗಾಲಿನಲ್ಲಿ ಚೆಂದ ಆಡುವ ಒಬ್ಬನನ್ನು ‘ಸೆಲೆಕ್ಷನ್‌ಗೆ ಯಾಕೋ ಹೋಗಲಿಲ್ಲ?’ ಎಂದು ಕೇಳಿದ್ದೆ.

‘ಹೋಗ್ಬೇಕು ಅಂದ್ಕಂಡಿದ್ದೆ ಸಾರ್. ಕೂಲಿ ಆಳು ಸಿಗಲಿಲ್ಲ, ನಮ್ಮಪ್ಪ ಶೇಂಗಾ ಕೀಳಾಕೆ ಕರಕಂಡೋದ.’

‘ಒಂದು ದಿನ ಬಿಡ್ತಿರಲಿಲ್ವೇನೋ?’

‘ಹಸಿ ಇದ್ದಾಗ್ಲೇ ಕೀಳ್ಬೇಕು ಸಾರ್. ನೆಲ ಒಣಗಿದ್ರೆ ಕಾಯಿ ಒಳಗೇ ಉಳೀತಾವೆ.’

ಅದಕ್ಕೆ ನಾನೇನು ಹೇಳಲಿ? ಅವನ ಮಾತು ಸರಿ. ಅಕ್ಟೋಬರ್‌ನ ಒಂದು ಮಳೆ ಬಿದ್ದು ನೆಲ ಸಡಿಲವಾದಾಗ ಮೂರ್ನಾಲ್ಕು ದಿನದಲ್ಲಿ ಕಿತ್ತರೆ ಬೆಳೆ, ಇಲ್ಲದಿದ್ದರೆ ಗುದ್ದಲಿ ಹಿಡಿದು ಅಗೆಯಬೇಕು.

ಇನ್ನು ಕೆಲವರು ಡಿಗ್ರಿಗೆ ಅನಂತಪುರದ ಕಡೆ ಮುಖವನ್ನೇ ಮಾಡುವುದಿಲ್ಲ. ರಾಯದುರ್ಗದಿಂದ ಬಳ್ಳಾರಿ ಐವತ್ತರ ಆಸುಪಾಸಿನ ಕಿಲೋಮೀಟರ್, ಅಲ್ಲಿ ಕನ್ನಡದಲ್ಲಿ ಓದಬಹುದು. ಟಿ.ಸಿ. ತೆಗೆದುಕೊಂಡು ಒಬ್ಬ ಕೃಷ್ಣದೇವರಾಯನನ್ನು ಬಿಟ್ಟು ಇನ್ನೊಬ್ಬನ ಕಡೆ ಹೋಗುತ್ತಾರೆ. ಮತ್ತೆ ಕೆಲವರು ರಾಯದುರ್ಗದ ಜೀನ್ಸ್ ಹೊಲಿಗೆಯ ಶೆಡ್ಡುಗಳಿಗೆ, ಉಳಿದವರು ಬೆಂಗಳೂರಿಗೆ. ಆಟಕ್ಕೆ ಇಪ್ಪತ್ತೈದು ವರ್ಷದ ವಯೋಮಿತಿ ಇದೆ ಅಂತಾರೆ. ನಮ್ಮ ಹುಡುಗರ ಆಟ ಅದಕ್ಕೆ ಬಹಳ ಮುಂಚೆಯೇ ಮುಗಿದಿರುತ್ತದೆ.

ಭರವಸೆ: 90. ಈ ಸಾಲಿಗೂ ನಾಲ್ಕನೆಯದಕ್ಕೂ ಹೋಲಿಕೆಯಿದೆ, ಎರಡೂ ಇದ್ದದ್ದು ಹಾಗೇ ಇರುತ್ತದೆ ಅನ್ನುವ ಸಾಲುಗಳು. ವ್ಯತ್ಯಾಸವೇನೆಂದರೆ ನಾಲ್ಕನೆಯದನ್ನು ಸುಳ್ಳು ಮಾಡುವುದು ಡ್ರಾ ಚೀಟಿಯ ಕೈಯಲ್ಲಿದೆ, ಇದನ್ನು ಸುಳ್ಳು ಮಾಡುವುದು ಸೆಲೆಕ್ಷನ್ ತಾರೀಖು ಹಾಕುವವರ ಕೈಯಲ್ಲಿದೆ. ಮೂರು ವಾರ ಮುಂದೆ ಹಾಕಿದರೆ ನನ್ನ 90ನ್ನು ನಾನೇ 70ಕ್ಕೆ ಇಳಿಸುತ್ತೇನೆ.

ಸಾಲು 7: ಮೇಲಿನ ಆರರಲ್ಲಿ ಒಂದಾದರೂ ತಪ್ಪುತ್ತದೆ.

ಇದು ಹುಸಿ ವಿನಯವಲ್ಲ, ಲೆಕ್ಕ. 80, 95, 50, 95, 40, 90. ಒಂದರ ಫಲ ಇನ್ನೊಂದನ್ನು ಮುಟ್ಟುವುದಿಲ್ಲ ಎಂದಿಟ್ಟುಕೊಂಡು ಗುಣಿಸಿದರೆ ಆರೂ ನಿಜವಾಗುವ ಸಾಧ್ಯತೆ ನೂರಕ್ಕೆ 13. ಹಾಗಾಗಿ ಈ ಸಾಲಿನ ಭರವಸೆ 87. ತಪ್ಪುವ ಸಾಲುಗಳ ಸರಾಸರಿ ಒಂದೂವರೆ. ಮೂರು ತಪ್ಪಿದರೆ ನನ್ನ ಅಂದಾಜು ಸಡಿಲ ಅನ್ನಬಹುದು. ಒಂದೂ ತಪ್ಪದಿದ್ದರೆ ನಾನು ಹೆದರಿ ಹೆದರಿ ಅಂಕಿ ಹಾಕಿದ್ದೇನೆಂಬ ಅನುಮಾನ ಬರಬೇಕು. ಇನ್ನೊಂದು ತೊಡಕೂ ಇದೆ: ಆರೂ ನಿಜವಾದರೆ ಏಳನೆಯದು ಸುಳ್ಳಾಗುತ್ತದೆ. ಏಳಕ್ಕೆ ಏಳು ಪಡೆಯುವ ದಾರಿ ಈ ಕಾಗದದಲ್ಲಿ ಇಲ್ಲ.

ಅಂಕ ಹಾಕುವುದು ಲೀಗ್‌ನ ಕೊನೆಯ ಪಂದ್ಯದ ಮರುದಿನ. ಹಾಕುವವನು ನಾನಲ್ಲ, ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಪಿ.ಡಿ. ಸಾರ್. ಅವರ ಹತ್ತಿರ ಅರ್ಧ ಅಂಕ ಅನ್ನುವುದೇ ಇಲ್ಲ, ನಾಲ್ಕನೆಯ ಸಾಲಿಗೆ ಪೂರ್ತಿ ಸೊನ್ನೆ ಎಂದು ಈಗಲೇ ಹೇಳಿಬಿಟ್ಟಿದ್ದಾರೆ.